ಹೊಟ್ಟೆಗೂ ಮೋಸ ಮಾಡದ ಇನ್ಸ್‌ಪೆಕ್ಟರ್

ನಮ್ಮಣ್ಣ ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಅವನ ಕೆಲಸ. ಪೆಟ್ಟಿಗೆಯಲ್ಲಿರುವ ಹಿತ್ತಾಳೆಯ ತೂಕಗಳನ್ನು ಅವನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಕೈಬೆವರಿನ ಭಾರ ಎಲ್ಲಿ ಸೇರಿಬಿಡುತ್ತದೋ ಎಂದು ಬಟ್ಟೆಯಲ್ಲೇ ಹಿಡಿದು ಎತ್ತುತ್ತಾನೆ. ಮನೆಯಲ್ಲೂ ಅದೇ ಕಾಟ. ಬಸ್ಸಿಗೆ ಒಂದು ಗಂಟೆ ಕಾದೆ ಎಂದರೆ ಗಡಿಯಾರ ನೋಡಿಕೊಂಡಿದ್ದೆಯಾ ಎಂದು ಕೇಳುತ್ತಾನೆ. ಇಂಥವನ ಜೊತೆ ಅತ್ತಿಗೆ ಮೂವತ್ತೊಂದು ವರ್ಷ ಸಂಸಾರ ಮಾಡಿದ್ದಾಳೆ, ಪುಣ್ಯಾತ್ಗಿತ್ತಿ.

ಹೋದ ವರ್ಷ ಅವನ ಕರುಳಿನಲ್ಲಿ ಗಂಟು ಬೆಳೆದು ಆಪರೇಷನ್ ಆಯಿತು. ಆಪರೇಷನ್ನೇನೋ ಚೆನ್ನಾಗಿಯೇ ಆಯಿತು. ಆದರೆ ಕೈ ತಾಗಿಸಿಕೊಂಡ ಕರುಳು ಮುನಿಸಿಕೊಂಡು ಮಲಗಿಬಿಟ್ಟಿತು. ಅದು ಎದ್ದು ಕೆಲಸಕ್ಕೆ ಹತ್ತುವವರೆಗೆ ಗುಟುಕು ನೀರೂ ಕೊಡುವಂತಿಲ್ಲ. ಎದ್ದಿತು ಎನ್ನುವುದಕ್ಕೆ ಗುರುತು ಒಂದೇ, ಗಾಳಿ ಹೋಗಬೇಕು. ದಿನಾ ಬೆಳಿಗ್ಗೆ ನರ್ಸ್ ಬಂದು, ಆರು ಮಂಚದ ವಾರ್ಡಿಗೆಲ್ಲ ಕೇಳುವ ಹಾಗೆ, ಗ್ಯಾಸ್ ಹೋಯಿತೇ ಎಂದು ವಿಚಾರಿಸುತ್ತಿದ್ದಳು. ಅಣ್ಣ ಸೂರು ನೋಡುತ್ತಾ ಇಲ್ಲ ಎನ್ನುತ್ತಿದ್ದ.

ಪಕ್ಕದ ಮಂಚದಲ್ಲಿ ಇದ್ದವನು ಒಬ್ಬ ತರಕಾರಿ ವ್ಯಾಪಾರಿ. ಹಿಂದೊಮ್ಮೆ ತಕ್ಕಡಿಯ ತಟ್ಟೆಯಡಿಗೆ ಮೇಣ ಮೆತ್ತಿ ಅಣ್ಣನ ಕೈಗೆ ಸಿಕ್ಕಿಬಿದ್ದವನು. ಬೇರೆ ಮಂಚ ಖಾಲಿ ಇರಲಿಲ್ಲ. ಅಣ್ಣ ಅವನತ್ತ ಬೆನ್ನು ಹಾಕಿಯೇ ಮಲಗುತ್ತಿದ್ದ.

ಎರಡನೆಯ ದಿನ ಡಾಕ್ಟರು ಚೂಯಿಂಗ್ ಗಮ್ ಅಗಿಯಲು ಹೇಳಿದರು. ಬಾಯಿ ಅಗಿಯತೊಡಗಿದರೆ ಊಟ ಬರುತ್ತಿದೆ ಎಂದು ಹೊಟ್ಟೆಗೆ ಸುದ್ದಿ ಹೋಗುತ್ತದಂತೆ. ಹೊಟ್ಟೆ ರಸ ಸುರಿಸುತ್ತದೆ, ಕರುಳು ತನ್ನಲ್ಲಿರುವುದನ್ನು ಮುಂದಕ್ಕೆ ತಳ್ಳಿ ಜಾಗ ಮಾಡುತ್ತದೆ. ಇದೆಲ್ಲ ನಮ್ಮನ್ನು ಕೇಳದೆ ತಾನಾಗಿ ನಡೆಯುವ ವ್ಯವಹಾರ. ಅಣ್ಣ ಗಂಭೀರವಾಗಿ ಕೇಳಿಸಿಕೊಂಡು ಹುಬ್ಬು ಗಂಟಿಕ್ಕಿದ.

"ಬರದೇ ಇರೋ ಮಾಲನ್ನ ಬಂತು ಅಂತ ಹೇಳೋದಾ? ಇದು ಮೋಸ ಅಲ್ವಾ ಡಾಕ್ಟ್ರೇ?"

ನನಗೆ ಮೈಯೆಲ್ಲ ಉರಿದುಹೋಯಿತು. ಮೋಸ ಮಾಡುವವನೂ ನೀನೇ, ಮೋಸ ಹೋಗುವ ಹೊಟ್ಟೆಯೂ ನಿನ್ನದೇ, ಕಂಪ್ಲೇಂಟ್ ಕೊಡುವವರು ಯಾರು ಎಂದು ಗದರಿದೆ. ಜಗ್ಗಲಿಲ್ಲ. ಅತ್ತಿಗೆ ಮಾತ್ರ ಸ್ಟೂಲ್ ಎಳೆದುಕೊಂಡು ಅವನೆದುರು ಕೂತಳು. ಒಂದು ಗಮ್ ಬಿಚ್ಚಿ ತನ್ನ ಬಾಯಿಗೆ ಹಾಕಿಕೊಂಡು, ಅವನ ಮುಖವನ್ನೇ ನೋಡುತ್ತಾ ಆರಾಮಾಗಿ ಅಗಿದಳು. ಎರಡು ದಿನ ಉಪವಾಸವಿದ್ದವನು ಎಷ್ಟು ಹೊತ್ತು ತಡೆದಾನು! ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಬಾಯಲ್ಲಿ ನೀರೂರುವುದನ್ನು ಯಾವ ಇಲಾಖೆಯ ಕಾಯಿದೆಯೂ ತಡೆಯಲಾರದು. ಮೆಲ್ಲಗೆ ಕೈ ಚಾಚಿದ.

ಅಲ್ಲಿಂದ ಮುಂದೆ ಗಡಿಯಾರ ನೋಡಿಕೊಂಡು ದಿನಕ್ಕೆ ಮೂರು ಹೊತ್ತು ಇಬ್ಬರೂ ಎದುರುಬದುರು ಕೂತು ಅಗಿದರು. ಮೂರನೆಯ ದಿನ ಅಣ್ಣನ ಹೊಟ್ಟೆ ಗುಡುಗುಡು ಎಂದಿತು. ಅವನು ಕೆಮ್ಮಿ ಅದನ್ನು ಮುಚ್ಚಿಹಾಕಿದ. ನಾಲ್ಕನೆಯ ಬೆಳಿಗ್ಗೆಯೂ ನರ್ಸಿಗೆ ಸಿಕ್ಕಿದ್ದು ಅದೇ ಉತ್ತರ, ಇಲ್ಲ.

ಡಾಕ್ಟರು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ನಮ್ಮಿಬ್ಬರನ್ನೂ ಹೊರಗೆ ಕರೆದರು. ಒಳಗೆ ಸದ್ದಿದೆ, ಗಾಳಿ ಮಾತ್ರ ಹೋಗುತ್ತಿಲ್ಲ ಎಂದರೆ ಎಲ್ಲೋ ದಾರಿ ಕಟ್ಟಿಕೊಂಡಿರಬೇಕು ಎಂದರು. ಹೋಗಿಯೂ ಹೇಳದೆ ಇರಬಹುದೇ ಎಂದು ನನ್ನನ್ನೇ ಕೇಳಿದರು. ನಾನು ಎದೆಯುಬ್ಬಿಸಿದೆ.

"ನಮ್ಮಣ್ಣ ಸುಳ್ಳು ಹೇಳೋನಲ್ಲ ಡಾಕ್ಟ್ರೇ. ಅವನು ಹೇಳಿದ್ದನ್ನ ಕಣ್ಮುಚ್ಚಿ ಬರ್ಕೊಳ್ಳಿ."

ಬರೆದುಕೊಂಡರು. ಈಗಲೇ ಮೂಗಿನಿಂದ ನಳಿಕೆ ಇಳಿಸುವುದು, ಮಧ್ಯಾಹ್ನ ಸ್ಕ್ಯಾನ್. ದಾರಿ ಕಟ್ಟಿರುವುದು ನಿಜವಾದರೆ ನಾಳೆ ಮತ್ತೆ ಹೊಟ್ಟೆ ತೆರೆಯಬೇಕು. ಅವನ ಹೃದಯ ಗಟ್ಟಿಯಿಲ್ಲ, ಎರಡನೆಯ ಸಲ ತಡೆದುಕೊಳ್ಳುತ್ತದೆ ಎಂದು ಮಾತು ಕೊಡಲಾರೆ ಎಂದರು. ಅತ್ತಿಗೆ ಬಾಗಿಲೆದುರಿನ ಬೆಂಚಿನ ಮೇಲೆ ಕುಸಿದು ಕೂತಳು. ಬೆಳಗಿನ ಗಮ್ ಇನ್ನೂ ಬಾಯಲ್ಲೇ ಇತ್ತು. ಅದನ್ನು ಉಗುಳಬೇಕೆಂದೂ ತೋಚದೆ ಅತ್ತಳು. ನಾನೂ ಅತ್ತೆ. ಅಣ್ಣ ಹೋಗಿಬಿಡುತ್ತಾನೆ ಎಂದೇ ನನಗೆ ಅನ್ನಿಸಿತ್ತು.

ಬಾಗಿಲು ತೆರೆದೇ ಇತ್ತು. ಒಳಗೆ ನರ್ಸ್ ನಳಿಕೆಗೆ ಜೆಲ್ ಹಚ್ಚುತ್ತಿದ್ದಳು. ಅಣ್ಣ ನಳಿಕೆ ನೋಡಲಿಲ್ಲ; ಅತ್ತಿಗೆಯನ್ನು ನೋಡುತ್ತಿದ್ದ. ಆಮೇಲೆ ಕೈ ಎತ್ತಿ ನರ್ಸನ್ನು ತಡೆದು, ಅಂಗಡಿಗಳಲ್ಲಿ ಮಾತಾಡುವ ಆ ದೊಡ್ಡ ದನಿಯಲ್ಲಿ ಹೇಳಿದ.

"ಡಾಕ್ಟ್ರನ್ನ ಕರೀಮ್ಮ. ಗ್ಯಾಸ್ ಹೋಗಿದೆ. ನಿನ್ನೆ ಮಧ್ಯಾಹ್ನದಿಂದ ನಾಲ್ಕು ಸಲ."

ಪಕ್ಕದ ಮಂಚದ ವ್ಯಾಪಾರಿ ಹೊದಿಕೆ ಸರಿಸಿ ಎದ್ದು ಕೂತ.

"ಐದು ಸಾರ್," ಎಂದ ಬಹಳ ವಿನಯದಿಂದ. "ಒಂದು ನಿಮ್ಮ ನಿದ್ದೆಯಲ್ಲಿ ಹೋಯ್ತು."

ಅಣ್ಣ ಕಿವಿಯವರೆಗೂ ಕೆಂಪಾದ. ಆ ದನಿ ಕೇಳಿ ಒಳಗೆ ಬಂದಿದ್ದ ಡಾಕ್ಟರು ನಗು ತಡೆಯಲಾರದೆ ಕಿಟಕಿಯತ್ತ ತಿರುಗಿದರು. ನಳಿಕೆ ವಾಪಸ್ಸು ಹೋಯಿತು. ಅವನ ಸತ್ಯಕ್ಕೆ ಜಾಮೀನು ನಿಂತಿದ್ದ ನಾನು ಯಾರ ಮುಖವನ್ನೂ ನೋಡಲಾರದೆ ಫ್ಲಾಸ್ಕ್ ತೊಳೆಯಲು ಹೊರಟೆ. ಮಧ್ಯಾಹ್ನ ನೀರು ಕೊಟ್ಟು ನೋಡಿದರು, ವಾಂತಿಯಾಗದೆ ಉಳಿಯಿತು. ಸಂಜೆ ಒಂದು ಬಟ್ಟಲು ತೆಳ್ಳನೆಯ ಸೂಪಿಗೆ ಅಪ್ಪಣೆಯಾಯಿತು.

ಅತ್ತಿಗೆ ಬೆಳಿಗ್ಗೆಯಿಂದ ಅವನೊಡನೆ ಒಂದು ಮಾತೂ ಆಡಿರಲಿಲ್ಲ. ಬಟ್ಟಲು ಹಿಡಿದು ಕೂತು ಮೊದಲ ಚಮಚ ಕುಡಿಸಿದಳು. ಅಷ್ಟು ಜನರ ಮುಂದೆ, ಅದೂ ಆ ತರಕಾರಿಯವನ ಮುಂದೆ, ಹೇಗೆ ಹೇಳುವುದು, ಮರ್ಯಾದೆ ಅಡ್ಡ ಬಂತು ಎಂದು ಅಣ್ಣ ತಾನಾಗಿಯೇ ಗೊಣಗಿದ. ಅವಳು ಎರಡನೆಯ ಚಮಚ ತುಂಬಿಸಿ ಹಾಗೆಯೇ ಹಿಡಿದಳು.

"ನಿಮ್ಮ ಮರ್ಯಾದೆ ಉಳೀತಿತ್ತು ಕಣ್ರೀ," ಎಂದಳು. "ನಾನು?"

ಹಾದಿಯಲ್ಲಿ ಹೆಂಡತಿಯ ಪಕ್ಕ ನಡೆಯುವುದಕ್ಕೂ ನಾಚುವ ನಮ್ಮಣ್ಣ, ಆರು ಮಂಚಗಳ ಎದುರಿಗೇ, ಚಮಚ ಹಿಡಿದ ಆ ಕೈಯನ್ನು ಹಿಡಿದುಕೊಂಡ. ಬಟ್ಟಲಿನ ಸೂಪು ಆರಿ ತಣ್ಣಗಾಗುವವರೆಗೂ ಬಿಡಲಿಲ್ಲ.