ಹಿಂದಿನ ಸೀಟಿನ ಸನ್ನೆ

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯಲ್ಲಿ ಉಮಾಶಂಕರನ ಗ್ಯಾರೇಜು. ವಿಮಾನ ನಿಲ್ದಾಣ ಬಂದ ವರ್ಷವೇ ಶೀಟು ಹೊದಿಸಿ ಶುರುಮಾಡಿದ್ದು. ಅದಕ್ಕೂ ಮುಂಚೆ ಊರಿನ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ. ಹರೆಯವೆಲ್ಲ ಆ ಮಗ್ಗಗಳ ನಡುವೆಯೇ ಕಳೆಯಿತು. ಹತ್ತಿರದ ಮಧುರೆಯಿಂದ ಅಲ್ಲಿಗೆ ಕೆಲಸಕ್ಕೆ ಬರುತ್ತಿದ್ದ ಗಂಗಲಕ್ಷ್ಮಮ್ಮ ಹೆಂಡತಿಯಾಗಿ ಸಿಕ್ಕಿದ್ದೂ ಅಲ್ಲೇ, ಗದ್ದಲಕ್ಕೆ ಅವನ ಕಿವಿ ಮಂದವಾಗಿದ್ದೂ ಅಲ್ಲೇ. ಹೆಂಡತಿಯ ವಿಷಯ ಊರಿಗೆಲ್ಲ ಗೊತ್ತಿತ್ತು. ಕಿವಿಯ ವಿಷಯ ಯಾರಿಗೂ ಹೇಳಿರಲಿಲ್ಲ.

ಡೀಸೆಲ್ ಟ್ಯಾಕ್ಸಿಗಳ ಕಾಲದಲ್ಲಿ ಅದು ಹೇಗೋ ನಡೆದುಹೋಯಿತು. ಇಂಜಿನ್ನಿನ ಗಲಾಟೆಯಲ್ಲಿ ಕಿವಿ ಚೆನ್ನಾಗಿದ್ದವರಿಗೂ ಏನೂ ಕೇಳಿಸುತ್ತಿರಲಿಲ್ಲ. ಹಾಳಾದ ಭಾಗ ಯಾವುದೆಂದು ಕೈಯಿಟ್ಟು ಅಲ್ಲಾಡಿಸಿದರೆ ಗೊತ್ತಾಗುತ್ತಿತ್ತು. ಆಮೇಲೆ ಬ್ಯಾಟರಿ ಕಾರುಗಳು ಬಂದವು. ಇಂಜಿನ್ನೇ ಇಲ್ಲ. ಅದುವರೆಗೂ ಅಡಗಿಕೊಂಡಿದ್ದ ಚಿಲ್ಲರೆ ಸದ್ದುಗಳೆಲ್ಲ ಹೊರಗೆ ಬಂದು, ಗಿರಾಕಿಗಳು "ಟಕ್ ಅಂತೈತೆ", "ಕಿರ್ ಅಂತೈತೆ" ಎನ್ನುತ್ತ ಬರತೊಡಗಿದರು. ಉಮಾಶಂಕರ ಪಕ್ಕದಲ್ಲಿ ಕೂತು ಗಂಭೀರವಾಗಿ ತಲೆಯಾಡಿಸುತ್ತಿದ್ದ. ಅವನಿಗೆ ಕೇಳಿಸುತ್ತಿದ್ದುದು ಗಿರಾಕಿಯ ಗೊಣಗಾಟ ಮಾತ್ರ, ಅದೂ ಅರ್ಧ.

ಜಡಿಗೇನಹಳ್ಳಿಯ ಕೆಂಪರಾಜು ಏರ್‌ಪೋರ್ಟಿಗೆ ಎಲೆಕ್ಟ್ರಿಕ್ ಟ್ಯಾಕ್ಸಿ ಓಡಿಸುವವನು. ರಸ್ತೆಯ ಹಂಪ್ ಹತ್ತಿಳಿಯುವಾಗ ಮುಂದೆ ಎಡಗಡೆ ಟಕ್ ಟಕ್ ಅನ್ನುತ್ತದೆ ಎಂದು ಬಂದ. ಉಮಾಶಂಕರ "ಹ್ಞೂ, ಕೇಳಿಸ್ತು" ಎಂದು ಧಾರಾಳವಾಗಿ ಸುಳ್ಳು ಹೇಳಿ, ಮುಂದಿನ ಚಕ್ರಗಳ ಲಿಂಕ್ ರಾಡ್ ಬದಲಿಸಿ ಕಳಿಸಿದ. ವಾರ ಕಳೆಯುವುದರೊಳಗೆ ಅದೇ ಸದ್ದಿನೊಂದಿಗೆ ಕೆಂಪರಾಜು ವಾಪಸ್ಸು ಬಂದ.

"ಅಣ್ಣ, ಗಾಡಿ ಬಿಚ್ಕೊಳ್ತದಾ ಅಂತ ಪ್ಯಾಸೆಂಜರ್ರು ಕೇಳ್ತಾರೆ. ಈ ಸಲನೂ ಸರಿಹೋಗ್ಲಿಲ್ಲ ಅಂದ್ರೆ ಸ್ಟ್ಯಾಂಡಲ್ಲಿ ಎಲ್ಲಾರ್ಗೂ ಹೇಳ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡ."

ಆ ಟ್ಯಾಕ್ಸಿ ಸ್ಟ್ಯಾಂಡಿನ ಗಾಡಿಗಳಿಂದಲೇ ಗ್ಯಾರೇಜಿಗೆ ಅನ್ನ. ಕೆಂಪರಾಜು ಬಾಯಿಬಿಟ್ಟರೆ ಶಟರ್ ಎಳೆಯುವುದೊಂದೇ ಬಾಕಿ.

ಮಧ್ಯಾಹ್ನದ ಊಟ ತಂದಿದ್ದ ಗಂಗಲಕ್ಷ್ಮಮ್ಮ ಒಂದು ಪಕ್ಕಕ್ಕೆ ನಿಂತು ಎಲ್ಲ ಕೇಳಿಸಿಕೊಂಡಳು. ಮನೆಯಲ್ಲಿ ಟಿವಿಯ ಸದ್ದು ವರ್ಷದಿಂದ ವರ್ಷಕ್ಕೆ ಏರಿದ್ದನ್ನು ಕಂಡವಳು. ಕೇಳಿದರೆ ಗಂಡ ರೇಗುತ್ತಾನೆಂದು ಸುಮ್ಮನಿದ್ದವಳು. ಈಗ ಅವನ ಕಣ್ಣಿಗೆ ಬೀಳುವಂತೆ ಬಂದು ನಿಂತು, ಎರಡು ಬೆರಳನ್ನು ಕಿವಿಗೆ ತಾಗಿಸಿ, ತನ್ನ ಎದೆ ಮುಟ್ಟಿಕೊಂಡಳು.

ಅದು ಮಗ್ಗದ ಶೆಡ್ಡಿನ ಸನ್ನೆ. ಆ ಗದ್ದಲದಲ್ಲಿ ಕೂಗಿದರೂ ಕೇಳದು. ಅಲ್ಲಿನವರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಯಾವ ಸಾಲು, ಯಾವ ಕಡೆ, ಸಡಿಲವೋ, ಎಣ್ಣೆ ಒಣಗಿದೆಯೋ, ಎಲ್ಲಕ್ಕೂ ಸನ್ನೆಯಿತ್ತು. ಇವರಿಬ್ಬರ ಮದುವೆಯ ಮಾತುಕತೆಯೂ ಹಿರಿಯರ ಕಿವಿಗೆ ಬೀಳುವ ಮುಂಚೆ ಅರ್ಧ ಹಾಗೇ ನಡೆದುಹೋಗಿತ್ತು. ಈಗ ಅವಳು ಹೇಳುತ್ತಿದ್ದುದು ಇಷ್ಟೇ: ನಾನು ಕೇಳಿಸಿಕೊಳ್ಳುತ್ತೇನೆ.

"ಹಿಂದೆ ಭಾರ ಇದ್ರೆ ಸದ್ದು ಸರಿಯಾಗಿ ಬರ್ತದೆ. ಇವಳೂ ಕೂತ್ಕೊಳ್ಳಲಿ," ಎಂದ ಉಮಾಶಂಕರ. ಕೆಂಪರಾಜು ಅವನ ಪಕ್ಕದಲ್ಲಿ ಕೂತ. ಉಮಾಶಂಕರ ಸ್ಟೀರಿಂಗ್ ಹಿಡಿದು, ಕನ್ನಡಿಯನ್ನು ಹೆಂಡತಿಯ ಕಡೆಗೆ ತಿರುಗಿಸಿಕೊಂಡ.

ಶಾಲೆ ಹತ್ತಿರದ ಹಂಪನ್ನು ಗಾಡಿ ಹತ್ತಿಳಿಯಿತು. ಕನ್ನಡಿಯಲ್ಲಿ ಕೈ ಎದ್ದಿತು: ಹಿಂದಿನ ಸಾಲು, ಬಲಗಡೆ. ಗಿರಾಕಿ ಹೇಳಿದ್ದಕ್ಕೆ ಪೂರಾ ಉಲ್ಟಾ. ನಂಬಿಕೆ ಬಾರದೆ ಗಾಡಿ ತಿರುಗಿಸಿ ಇನ್ನೊಮ್ಮೆ ಹತ್ತಿಸಿದ. ಅವಳು ಹುಬ್ಬು ಗಂಟಿಕ್ಕಿ ಮತ್ತೆ ಅದೇ ಸನ್ನೆ ಮಾಡಿದಳು. ಮುಷ್ಟಿಯಿಂದ ಅಂಗೈಗೆ ಗುದ್ದಿ, ಬೆರಳನ್ನು ಮೇಲಕ್ಕೆ ತೋರಿಸಿದಳು. ಬಡಿಯುತ್ತಿದೆ, ಮೇಲ್ಗಡೆ.

ಗ್ಯಾರೇಜಿಗೆ ಬಂದು ಹಿಂದಿನ ಬಲ ಚಕ್ರ ಬಿಚ್ಚಿ ಶಾಕ್ ಅಬ್ಸಾರ್ಬರ್ ಇಳಿಸಿದ. ಅದರ ಮೇಲ್ತುದಿಯ ರಬ್ಬರ್ ಬುಷ್ ಸವೆದು ತೆಳ್ಳಗಾಗಿತ್ತು. ಹಂಪ್ ಬಂದಾಗಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ಬಡಿದು, ಆ ಸದ್ದು ಬಾಡಿಯೊಳಗೆ ಹರಿದು ಮುಂದೆ ಕೇಳಿಸುತ್ತಿತ್ತು. ಹೊಸ ಬುಷ್ ಹಾಕಿದ. ಗಾಡಿ ಜಾಕಿನ ಮೇಲಿರುವಾಗ ಬೋಲ್ಟನ್ನು ಪೂರ್ತಿ ಬಿಗಿಯಲಿಲ್ಲ. ಹಾಗೆ ಬಿಗಿದರೆ ಇಳಿಸಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಚಕ್ರ ನೆಲಕ್ಕೂರಿ ಗಾಡಿ ತನ್ನ ಭಾರದ ಮೇಲೆ ನಿಂತ ನಂತರವೇ ಬಿಗಿದ.

ಮೂವರೂ ಮತ್ತೆ ಅದೇ ಹಂಪಿಗೆ ಹೋದರು. ಈ ಸಲ ಕನ್ನಡಿಯಲ್ಲಿ ಕೈ ಮೇಲೇಳಲಿಲ್ಲ.

"ಎಂಥಾ ಕಿವಿ ಅಣ್ಣ ನಿಂದು!" ಎಂದ ಕೆಂಪರಾಜು. "ಹಿಂದ್ಗಡೆ ಸದ್ದನ್ನ ಮುಂದೆ ಕೂತ್ಕೊಂಡೇ ಹಿಡ್ದ್ಬಿಟ್ಟೆ!"

ಉಮಾಶಂಕರ ಕನ್ನಡಿ ನೋಡಿದ. ಅವಳು ಅಂಗೈ ಕೆಳಗೆ ಮಾಡಿ ಮೆಲ್ಲಗೆ ಆಡಿಸಿದಳು: ಇರಲಿ ಬಿಡಿ. ಅದನ್ನು ಕಂಡು ಅವನು ಗಾಡಿಯನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿದ.

"ನನ್ಗೆ ಕಿವಿ ಸರಿಯಾಗಿ ಕೇಳ್ಸಲ್ಲ ಕೆಂಪರಾಜು. ಹೋದ್ಸಲ ಸುಳ್ಳು ಹೇಳ್ದೆ. ಇವತ್ತು ಕೇಳಿಸ್ಕೊಂಡು ಕೈ ಸನ್ನೆ ಮಾಡಿದ್ದು ಇವಳು. ಇವಳಿಲ್ದಿದ್ರೆ ನನ್ ಅಂಗಡಿ ಇವತ್ತಿಗೇ ಮುಗ್ದೋಗ್ತಿತ್ತು."

ಹೇಳಿಬಿಟ್ಟ ಮೇಲೆ ಅವನಿಗೆ ಭಯವಾಯಿತು. ಕೆಂಪರಾಜು ಅವನ ಮುಖ ನೋಡಿದ, ಕನ್ನಡಿ ನೋಡಿದ, ಆಮೇಲೆ ಪೂರ್ತಿ ಹಿಂದಕ್ಕೆ ತಿರುಗಿದ.

"ಅಕ್ಕ, ಸ್ಟ್ಯಾಂಡಲ್ಲಿ ನಮ್ ಬೈಲಪ್ಪನ ಗಾಡಿನೂ ಕಿರ್ ಅಂತೈತೆ. ನಾಳೆ ಕಳಿಸ್ತೀನಿ, ನೀವು ಇರ್ತೀರಾ?"

ಗಂಗಲಕ್ಷ್ಮಮ್ಮ ಗಂಡನ ಕಡೆ ನೋಡಿದಳು. ಮಗ್ಗದ ಶೆಡ್ಡಿನಲ್ಲಿ ಉಪಕಾರ ನೆನೆಯುವುದಕ್ಕೆ ಮಾತ್ರ ಸನ್ನೆಯಿರಲಿಲ್ಲ. ಅಲ್ಲಿ ಯಾರಿಗೂ ಅದಕ್ಕೆ ಪುರುಸೊತ್ತಿರಲಿಲ್ಲ. ಉಮಾಶಂಕರ ಇಳಿದು ಸುತ್ತಿ ಬಂದು, ಕೆಂಪರಾಜು ಕೂತಿದ್ದ ಕಡೆಯ ಬಾಗಿಲು ತೆಗೆದ.

"ನೀನು ಹಿಂದಕ್ಕೆ ಹೋಗಪ್ಪ," ಎಂದ. ಆಮೇಲೆ ಹೆಂಡತಿಗೆ, "ಮುಂದಕ್ಕೆ ಬಾರೇ. ನನ್ಗೆ ಎಡಗಿವಿ ಒಂಚೂರು ಕೇಳಿಸ್ತದೆ."