ನಾಟಕದ ಡಾಕ್ಟರು

ಬಾಗಿಲ ಮೇಲೆ ಮೂರ್ಛೆರೋಗ ತಜ್ಞರು ಎಂದು ಬರೆದಿದ್ದರೂ ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವರು ನಾಟಕದ ಡಾಕ್ಟರು. ರೋಗಿ ಬಂದು ಕೂತರೆ ಅವರು ಸ್ಕ್ಯಾನ್ ಕಡೆ ಕಣ್ಣೂ ಹಾಯಿಸದೆ ಜೊತೆಗೆ ಬಂದವರನ್ನು ಹಿಡಿಯುತ್ತಾರೆ: "ಫಿಟ್ಸ್ ಬಂದಾಗ ಹೇಗಿತ್ತು, ಸ್ವಲ್ಪ ಮಾಡಿ ತೋರಿಸಿ." ಬಂದವರು ನಾಚಿ ನೆಲ ನೋಡಿದರೆ ಮುಗಿಯಿತು, ಡಾಕ್ಟರೇ ಕೋಟು ಬಿಚ್ಚಿ ರಂಗಕ್ಕಿಳಿಯುತ್ತಾರೆ. ಕಣ್ಣು ನೆಟ್ಟು, ತುಟಿ ಚಪ್ಪರಿಸಿ, ಅಂಗಿಯ ಗುಂಡಿ ತಡವುತ್ತ "ಹೀಗಾ?" ಎನ್ನುತ್ತಾರೆ, ಹೌದೆಂದರೆ ತೊಂದರೆ ಕಿವಿಯ ಪಕ್ಕದ ಮೆದುಳಿನಲ್ಲಿದೆ ಎಂದು ಅವರ ಅಂದಾಜು. ಅಲ್ಲವೆಂದರೆ ಕತ್ತಿವರಸೆಯವರಂತೆ ಒಂದು ಕೈ ಚಾಚಿ ಕತ್ತು ತಿರುಗಿಸುತ್ತಾರೆ. ಅದು ಹಣೆಯ ಹಿಂದಿನ ಭಾಗದ ಕಿತಾಪತಿ. ಹಾಗೆ ಚಾಚಿದ ಕೈ ಒಮ್ಮೆ ನರ್ಸಮ್ಮನ ಚಹಾವನ್ನು ಲೋಟದ ಸಮೇತ ಕಿಟಕಿಯಾಚೆ ಕಳಿಸಿದ ಮೇಲೆ ಆಕೆ ಚಹಾ ಕುಡಿಯುವುದನ್ನೇ ಹೊರಗೆ ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ಡಾಕ್ಟರು ಊಟಕ್ಕೆ ಕೂತು ತುಟಿ ಚಪ್ಪರಿಸಿದರೆ ಹೆಂಡತಿ "ಇದು ಊಟಾನಾ, ಪಾಠಾನಾ?" ಎಂದು ವಿಚಾರಿಸಿಕೊಂಡೇ ಎರಡನೇ ಸಲ ಬಡಿಸುತ್ತಾರೆ. ಮೊನ್ನೆ ಒಬ್ಬ ಅಪ್ಪ ಮಗಳನ್ನು ಮುಂದೆ ತಳ್ಳಿ, "ಇವಳದೆಲ್ಲ ನಾಟಕ ಸಾರ್. ಕೆಲಸ ಹೇಳಿದ್ರೆ ಸಾಕು, ಕಲ್ಲಿನ ಥರ ನಿಂತುಬಿಡ್ತಾಳೆ" ಎಂದ. ಡಾಕ್ಟರು ಕೋಟು ಬಿಚ್ಚಿ ಎದ್ದರು. ಕಣ್ಣು ಎಲ್ಲೋ ನೆಟ್ಟಿತು, ತುಟಿ ಚಪ್ಪರಿಸಿತು, ಬೆರಳು ಮೈಮೇಲಿಲ್ಲದ ಸೆರಗಿನ ಅಂಚನ್ನು ಹುಡುಕಿತು. ಅಪ್ಪ ಬೆಚ್ಚಿ, "ಥೇಟ್ ಹೀಗೇ ಸಾರ್. ಇಷ್ಟು ಚೆನ್ನಾಗಿ ಎಲ್ಲಿ ಕಲಿತ್ರಿ?" ಎಂದ. ಡಾಕ್ಟರು ಕೋಟು ಹಾಕಿಕೊಳ್ಳುತ್ತ ಹೇಳಿದರು: "ನಮ್ಮಕ್ಕನ್ನ ನೋಡಿ ಕಲಿತೆ. ಅವಳದೂ ನಾಟಕ ಅಂತಾನೇ ಮನೇಲಿ ಹೊಡೀತಿದ್ರು."