ಮೂವತ್ತಾರಕ್ಕೆ ಬೆನ್ನಿಲ್ಲ

ನಮ್ಮ ಹಳಿಯಾಳದ ಕಡೆ ಇಬ್ಬರಿಗೆ ಹೊಂದದಿದ್ದರೆ ‘ಅವರದು ಛತ್ತೀಸ ಆಂಕಡಾ’ ಎನ್ನುತ್ತಾರೆ. ಮರಾಠಿ ಲಿಪಿಯಲ್ಲಿ ಛತ್ತೀಸ, ಅಂದರೆ ಮೂವತ್ತಾರು, ಬರೆದಾಗ ಮೂರೂ ಆರೂ ಒಂದಕ್ಕೊಂದು ಬೆನ್ನು ತಿರುಗಿಸಿ ನಿಲ್ಲುತ್ತವೆ, ಅದಕ್ಕೆ ಆ ಮಾತು. ಐದನೇ ಇಯತ್ತೆಗೆ ಸಾಲೆ ಬಿಟ್ಟ ನನಗೆ ಆ ಸಂಖ್ಯೆಯ ಬಗ್ಗೆ ಗೊತ್ತಿದ್ದದ್ದು ಇಷ್ಟೇ.

ತಂಗಿ ಗಣಿತ ಓದಿದವಳು. ಮನೆಯ ಪಡಸಾಲೆಯಲ್ಲಿ ಟ್ಯೂಶನ್ ಶುರು ಮಾಡುತ್ತೇನೆ ಎಂದಾಗ ನಾನೇ ಗೋಡೆಗೆ ಸುಣ್ಣ ಹಚ್ಚಿಕೊಟ್ಟೆ. ಮೊದಲ ದಿನ ಮಕ್ಕಳ ಜೊತೆ ಅವರ ತಾಯಂದಿರೂ ಓಣಿಯ ಹಿರಿಯರೂ ಬಂದು ಕುಳಿತರು. ಅವಳು ಗೋಡೆಯ ಮೇಲೆ ನೀಲಿ ಬಣ್ಣದ ಚುಕ್ಕಿ ಇಡುತ್ತ ನನ್ನನ್ನು ಕರೆದಳು.

“ಇಲ್ ನೋಡಣ್ಣಾ. ಮ್ಯಾಲ ಒಂದು, ಕೆಳಗ ಎರಡು, ಅದರ ಕೆಳಗ ಮೂರು. ಹಿಂಗ ಎಂಟರ ಸಾಲಿನ ತನಕಾ ಇಟ್ರ ತ್ರಿಕೋನ ಆತು, ಒಟ್ಟ ಮೂವತ್ತಾರು. ಅವನ್ನ ಆರಾರರ ಆರು ಸಾಲು ಮಾಡು, ಬರೋಬರಿ ಚೌಕ. ಒಂದೂ ಉಳಿಯಂಗಿಲ್ಲ, ಒಂದೂ ಕಡಿಮಿ ಬೀಳಂಗಿಲ್ಲ. ಒಂದನ್ನ ಬಿಟ್ರ ಹಿಂಗ ಎರಡೂ ಆಗೂ ಮೊದಲನೇ ಸಂಖ್ಯಾ ಇದ. ಮುಂದಿಂದು ಬೇಕಂದ್ರ ಹನ್ನೆರಡುನೂರಾ ಇಪ್ಪತ್ತೈದರ ತನಕಾ ಹೋಗಬೇಕು. ತಿಳೀತಿಲ್ಲೋ?”

ನನಗೆ ತಿಳಿದಿರಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

“ಶುರು ಮಾಡೂ ದಿನಾನ ಗ್ವಾಡಿ ಮ್ಯಾಲ ಜಗಳದ ಆಂಕಡಾ ಬರದೇನವಾ, ಶಾಣ್ಯಾಕಿ?” ಎಂದೆ. ಮಂದಿ ನಕ್ಕರು.

“ಛತ್ತೀಸಕ್ಕ ಬೆನ್ನ ಇರಬಹುದು. ಚುಕ್ಕಿಗೆ ಎಲ್ಲೈತೋ ಅಣ್ಣಾ ಬೆನ್ನು?” ಎಂದಳು. ಈ ಸಲ ಮಂದಿ ಇನ್ನೂ ಜೋರಾಗಿ ನಕ್ಕರು, ನನ್ನನ್ನು ನೋಡಿ.

“ಇದು ನನ್ನ ಮನಿ. ಗ್ವಾಡಿ ನಂದು. ಅಳಸು.”

ಅವಳು ಹಿತ್ತಲಿನ ಬಕೆಟ್ಟಿನಲ್ಲಿ ಉಳಿದಿದ್ದ ಸುಣ್ಣ ತಂದು ಚುಕ್ಕಿಗಳ ಮೇಲೆ ಬಳಿದಳು. ಕೆಲವೇ ದಿನಗಳಲ್ಲಿ ದಾಂಡೇಲಿಯಲ್ಲಿ ಒಂದು ಕೋಣೆ ಹಿಡಿದು ಪಾಠ ಅಲ್ಲಿಗೇ ಒಯ್ದಳು. ಅಪಶಕುನಕ್ಕೆ ಹೆದರಿ ನಾನು ಅಳಿಸಲು ಹೇಳಿದೆನೆಂದು ಓಣಿಯವರು ತಿಳಿದರು, ನಾನೂ ಹಾಗೇ ತಿಳಿಯಗೊಟ್ಟೆ. ನಿಜವೆಂದರೆ ಶಕುನವನ್ನು ನಾನು ಎಂದೂ ನಂಬಿದವನಲ್ಲ. ಎತ್ತಿ ಆಡಿಸಿದ ತಂಗಿ ನಾಲ್ಕು ಮಂದಿಯೆದುರು ನನಗೆ ಪಾಠ ಹೇಳಿದ್ದು ನನ್ನಿಂದ ಸಹಿಸಲಾಗಲಿಲ್ಲ.

ನಾನು ಕಟ್ಟಿಗೆ ಕೊರೆಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದೇನೆ. ದುಂಡು ದಿಮ್ಮಿಗಳನ್ನು ನಾವು ಒಂದರ ಸಂದಿಗೆ ಇನ್ನೊಂದು ಕೂರುವಂತೆ ಒಟ್ಟುತ್ತೇವೆ, ಇಲ್ಲದಿದ್ದರೆ ಉರುಳುತ್ತವೆ. ಹೋದ ಬೇಸಿಗೆಯಲ್ಲಿ ಒಂದು ರಾಶಿ ತಳದಲ್ಲಿ ಎಂಟು, ಅದರ ಮೇಲೆ ಏಳು, ಹೀಗೆ ತುದಿಗೆ ಒಂದಾಗಿ ನಿಂತಿತು. ದಿಮ್ಮಿಗೊಂದರಂತೆ ಚೌಕ ಕಂಬ ಕೊರೆದೆವು. ಅವನ್ನು ಆರಾರರಂತೆ ಸಾಲಾಗಿ ಪೇರಿಸುತ್ತ ಹೋದೆ. ಆರನೆಯ ಸಾಲು ತುಂಬಿದಾಗ ಕೈಯಲ್ಲಿ ಒಂದೂ ಉಳಿಯಲಿಲ್ಲ. ಮೇಲೆ ಅಂಗೈ ಆಡಿಸಿದೆ, ಸಪಾಟಾಗಿತ್ತು.

ರವಿವಾರ ದಾಂಡೇಲಿಗೆ ಹೋಗಿ ಅದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ತಪ್ಪಾತು ಅನ್ನಾಕ ಬಂದು ಕಟಗಿ ಲೆಕ್ಕಾ ಹೇಳಾಕತ್ತಿಯಲ್ಲೋ!”

“ತಪ್ಪಾತವಾ,” ಎಂದೆ. “ಮನಿಗೆ ಬಾ. ಪಡಸಾಲಿ ಖಾಲಿ ಐತಿ.”

“ಸಿಟ್ಟಿಲ್ಲಣ್ಣಾ. ಆದ್ರ ಬರಂಗಿಲ್ಲ. ಗ್ವಾಡಿ ಯಾರದು ಅಂತ ಯಾರೂ ಕೇಳದಂತಾ ಜಾಗಾ ಸಿಕ್ಕೈತಿ ನನಗ.”

ಅವಳು ಚಹಾಕ್ಕೆ ಇಟ್ಟಳು.